ಎರಡು ಕೀಲಿಯ ಲಾಕರ್: ಬೆಲ್‌ಫಾಸ್ಟಿನ ಒಪ್ಪಂದದ ಬಗ್ಗೆ ಒಂದಿಷ್ಟು ಮಾತು

(ಇಂಗ್ಲೆಂಡಿನಲ್ಲಿ ಸೇರಿದ್ದ ರಾಜ್ಯೋತ್ಸವದ ಕೂಟದಲ್ಲಿ ಆಡಿದ ಮಾತಿನ ಬರಹರೂಪ)



ರಾಜ್ಯೋತ್ಸವದ ದಿನ ಐರ್ಲೆಂಡಿನ ರಾಜಕೀಯ ಯಾಕೆ ಅಂತ ನಿಮಗೆ ಅನಿಸಬಹುದು. ಸಂಘಟಕರು ಫೋನ್ ಮಾಡಿದಾಗ ನಾನೂ ಅದನ್ನೇ ಕೇಳಿದೆ. "ನುಡಿ, ಗುರುತು, ಬಹುಮತ ಅಂತ ನಾವು ದಿನಾ ವಾದ ಮಾಡ್ತೀವಿ. ಇದೇ ವಿಷಯಕ್ಕೆ ಮೂವತ್ತು ವರ್ಷ ರಕ್ತ ಹರಿಸಿ, ಆಮೇಲೆ ಕೂತು ಒಪ್ಪಂದ ಮಾಡಿಕೊಂಡ ಊರಲ್ಲಿ ನೀನಿದ್ದೀಯಲ್ಲ. ಅಲ್ಲಿ ನಿಜಕ್ಕೂ ಏನಾಗಿದೆ ಅಂತ ಹೇಳು, ಸಾಕು" ಅಂದರು. ಹಾಗಾಗಿ ಸಮುದ್ರ ದಾಟಿ ಬಂದಿದ್ದೇನೆ.

ನಾನು ರಾಜ್ಯಶಾಸ್ತ್ರ ಓದಿದವನಲ್ಲ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಮೂರು ವರ್ಷ ಕೋಡ್ ಬರೆದು, 2016ರ ಸೆಪ್ಟೆಂಬರಿನಲ್ಲಿ ಬೆಲ್‌ಫಾಸ್ಟಿಗೆ ಹೋದವನು. ನಾನು ಹೋದ ನಾಲ್ಕೇ ತಿಂಗಳಿಗೆ ಅಲ್ಲಿನ ಸರ್ಕಾರ ಬಿತ್ತು. ಮತ್ತೆ ಎದ್ದದ್ದು 2020ರ ಜನವರಿಯಲ್ಲಿ. 2022ರ ಫೆಬ್ರವರಿಯಲ್ಲಿ ಇನ್ನೊಮ್ಮೆ ಬಿತ್ತು, 2024ರ ಫೆಬ್ರವರಿಯಲ್ಲಿ ಎದ್ದಿತು. ನನ್ನ ಮಗಳು ಹುಟ್ಟಿದ್ದು 2018ರಲ್ಲಿ, ಆಗ ಸರ್ಕಾರ ಇರಲಿಲ್ಲ. ಅವಳು 2022ರಲ್ಲಿ ಶಾಲೆಗೆ ಸೇರಿದಳು, ಆಗಲೂ ಸರ್ಕಾರ ಇರಲಿಲ್ಲ! ಬಸ್ಸು ಓಡುತ್ತಿತ್ತು, ಕಸದ ಗಾಡಿ ಬರುತ್ತಿತ್ತು, ಸಂಬಳ ಆಗುತ್ತಿತ್ತು. ಆದರೆ ಹೊಸದಾಗಿ ಏನನ್ನಾದರೂ ತೀರ್ಮಾನಿಸುವ ಮಂತ್ರಿಗಳು ಇರಲಿಲ್ಲ. ಇಂಥ ವ್ಯವಸ್ಥೆಯನ್ನು ಜಗತ್ತು ಯಾಕೆ ಮಾದರಿ ಅಂತ ಹೊಗಳುತ್ತದೆ? ಈ ಪ್ರಶ್ನೆ ನನ್ನನ್ನು ಓದಲು ಹಚ್ಚಿತು. ಓದಿದ್ದು, ಕಂಡದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ.

ಮೂರು ಚೌಕದ ಫಾರಂ

ಕೆಲಸಕ್ಕೆ ಸೇರಿದ ದಿನ ಒಂದು ಫಾರಂ ಕೊಟ್ಟರು. ಅದರಲ್ಲಿ ಮೂರು ಚೌಕ. ನಾನು ಪ್ರೊಟೆಸ್ಟೆಂಟ್ ಸಮುದಾಯದವನು. ನಾನು ಕ್ಯಾಥೊಲಿಕ್ ಸಮುದಾಯದವನು. ನಾನು ಇವೆರಡೂ ಅಲ್ಲ. ನನಗೆ ಸಿಟ್ಟು ಬಂತು. ಸಾಫ್ಟ್‌ವೇರ್ ಕಂಪನಿಗೆ ನನ್ನ ದೇವರ ಉಸಾಬರಿ ಯಾಕೆ? ಎಚ್ಆರ್‌ನಲ್ಲಿದ್ದ ಹೆಂಗಸು ತಾಳ್ಮೆಯಿಂದ ವಿವರಿಸಿದರು. ಅಲ್ಲಿ ಹತ್ತಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಂಪನಿಗಳು ಈ ಲೆಕ್ಕ ಇಡಲೇಬೇಕು, ಕಾನೂನು. ಯಾರು ದೇವಸ್ಥಾನಕ್ಕೆ ಹೋಗುತ್ತಾರೆ ಅಂತ ತಿಳಿಯಲು ಅಲ್ಲ, ಯಾರಿಗೆ ಕೆಲಸ ಸಿಗುತ್ತಿಲ್ಲ ಅಂತ ತಿಳಿಯಲು. ಬೆಲ್‌ಫಾಸ್ಟ್ ಟೈಟಾನಿಕ್ ಹಡಗು ಕಟ್ಟಿದ ಊರು. ಆ ಹಡಗುಕಟ್ಟೆಗಳಲ್ಲಿ ಕ್ಯಾಥೊಲಿಕರಿಗೆ ಕೆಲಸ ಸಿಗುವುದು ಅಪರೂಪವಾಗಿತ್ತು. ಲೆಕ್ಕ ಇಡದಿದ್ದರೆ ತಾರತಮ್ಯ ಇದೆ ಅಂತ ತೋರಿಸುವುದು ಹೇಗೆ?

ನಾನು ಮೂರನೆಯ ಚೌಕಕ್ಕೆ ಗುರುತು ಹಾಕಿದೆ. ಈ ಮೂರನೆಯ ಚೌಕವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಜಗಳ ಮೇಲ್ನೋಟಕ್ಕೆ ಧರ್ಮದ್ದು. ಒಳಗೆ ನೋಡಿದರೆ ನಾಡು ಯಾರದ್ದು ಅನ್ನುವುದು. 1921ರಲ್ಲಿ ಐರ್ಲೆಂಡನ್ನು ಎರಡು ಮಾಡಿ, ಬಡಗಣದ ಆರು ಕೌಂಟಿಗಳನ್ನು ಬ್ರಿಟನ್ನಿನ ಜೊತೆ ಉಳಿಸಿದರು. ಗೆರೆ ಎಳೆದದ್ದೇ ಅಲ್ಲಿ ಪ್ರೊಟೆಸ್ಟೆಂಟರು ಸುಮಾರು ಮೂರರಲ್ಲಿ ಎರಡು ಪಾಲು ಇರುವ ಹಾಗೆ. ಅವರಲ್ಲಿ ಬಹುಪಾಲು ಜನ ಬ್ರಿಟನ್ ಜೊತೆಗೇ ಇರಬೇಕು ಅನ್ನುವ ಯೂನಿಯನಿಸ್ಟರು. ಕ್ಯಾಥೊಲಿಕರಲ್ಲಿ ಬಹುಪಾಲು ಒಂದೇ ಐರ್ಲೆಂಡ್ ಬೇಕು ಅನ್ನುವ ನ್ಯಾಶನಲಿಸ್ಟರು. ಮುಂದಿನ ಐವತ್ತು ವರ್ಷ ಒಂದೇ ಪಕ್ಷ ಗೆದ್ದಿತು. ಚುನಾವಣೆ ನಡೆಯುತ್ತಿತ್ತು, ಮತ ಎಣಿಸುತ್ತಿದ್ದರು, ಎಲ್ಲ ಕ್ರಮಬದ್ಧ. ಆದರೆ ಹುಟ್ಟಿನಿಂದಲೇ ಮತ ಯಾರಿಗೆ ಅಂತ ಗೊತ್ತಿರುವ ಕಡೆ ಚುನಾವಣೆ ಅಂದರೆ ಜನಗಣತಿ ಅಷ್ಟೇ. ಸೋತವರು ಮುಂದಿನ ಸಲ ಗೆಲ್ಲುವ ಸಾಧ್ಯತೆಯೇ ಇಲ್ಲ. ಡೆರಿ ನಗರದಲ್ಲಿ ಕ್ಯಾಥೊಲಿಕರೇ ಹೆಚ್ಚು, ಆದರೂ ವಾರ್ಡುಗಳ ಗೆರೆ ಹೇಗಿತ್ತೆಂದರೆ ನಗರಸಭೆ ಯಾವಾಗಲೂ ಯೂನಿಯನಿಸ್ಟರ ಕೈಯಲ್ಲಿ. ಸ್ಥಳೀಯ ಚುನಾವಣೆಯಲ್ಲಿ ತೆರಿಗೆ ಕಟ್ಟುವ ಮನೆಯವರಿಗಷ್ಟೇ ಮತ. ಮನೆ ಹಂಚುವುದು ನಗರಸಭೆ. ಅಂದರೆ ಮನೆ ಕೊಡದಿದ್ದರೆ ಮತವೂ ಇಲ್ಲ!

1960ರ ದಶಕದ ಕೊನೆಗೆ ಇದರ ವಿರುದ್ಧ ಮೆರವಣಿಗೆ ಶುರುವಾಯಿತು. ಲಾಠಿ ಬಂತು, 1969ರಲ್ಲಿ ಬ್ರಿಟಿಷ್ ಸೈನ್ಯ ಬಂತು. 1972ರ ಜನವರಿ 30ರಂದು ಡೆರಿಯಲ್ಲಿ ಮೆರವಣಿಗೆಯ ಮೇಲೆ ಸೈನಿಕರು ಗುಂಡು ಹಾರಿಸಿ ಆ ದಿನ 13 ಜನರನ್ನು ಕೊಂದರು. ಐಆರ್‌ಎ ಬಾಂಬು ಇಟ್ಟಿತು, ಎದುರು ಬಣದ ಲಾಯಲಿಸ್ಟ್ ಗುಂಪುಗಳು ಕ್ಯಾಥೊಲಿಕರನ್ನು ಬೀದಿಯಲ್ಲಿ ಕೊಂದವು. 1998ರ ಹೊತ್ತಿಗೆ ಸತ್ತವರು 3,500ಕ್ಕೂ ಹೆಚ್ಚು. ಬೆಂಗಳೂರಿನಿಂದ ನೋಡಿದರೆ ಇದು ಸಣ್ಣ ಸಂಖ್ಯೆ ಅನಿಸಬಹುದು. ಆದರೆ ಆ ನಾಡಿನ ಒಟ್ಟು ಜನಸಂಖ್ಯೆ ಆಗ ಹದಿನಾರು ಲಕ್ಷದ ಆಸುಪಾಸು. ನನ್ನ ಆಫೀಸಿನಲ್ಲಿ ನಲವತ್ತೈದು ದಾಟಿದವರಲ್ಲಿ ಯಾರನ್ನು ಕೇಳಿದರೂ ಒಂದು ಸಾವಿನ ಕತೆ ಇರುತ್ತದೆ. ಅವರಾಗಿ ಹೇಳುವುದಿಲ್ಲ, ಅಷ್ಟೇ.

ಎರಡು ಕೀಲಿ

ನಮ್ಮಮ್ಮ ದಾವಣಗೆರೆಯ ಬ್ಯಾಂಕಿನಲ್ಲಿ ಒಂದು ಲಾಕರ್ ಇಟ್ಟಿದ್ದಾರೆ. ಚಿಕ್ಕವನಿದ್ದಾಗ ಜೊತೆಗೆ ಹೋಗುತ್ತಿದ್ದೆ. ಅಮ್ಮನ ಕೀಲಿ ಒಂದರಿಂದ ಅದು ತೆರೆಯುವುದಿಲ್ಲ. ಬ್ಯಾಂಕಿನವರ ಕೀಲಿ ಒಂದರಿಂದಲೂ ತೆರೆಯುವುದಿಲ್ಲ. ಎರಡೂ ಬೇಕು. 1998ರ ಏಪ್ರಿಲ್ 10ರಂದು ಆದ ಗುಡ್ ಫ್ರೈಡೇ ಒಪ್ಪಂದವನ್ನು ಒಂದೇ ಮಾತಿನಲ್ಲಿ ಹೇಳು ಅಂದರೆ ನಾನು ಈ ಲಾಕರನ್ನು ತೋರಿಸುತ್ತೇನೆ.

ಸರ್ಕಾರದ ತಲೆಯಲ್ಲಿ ಇಬ್ಬರು: ಫಸ್ಟ್ ಮಿನಿಸ್ಟರ್ ಮತ್ತು ಡೆಪ್ಯುಟಿ ಫಸ್ಟ್ ಮಿನಿಸ್ಟರ್. ಹೆಸರಿನಲ್ಲಿ ಡೆಪ್ಯುಟಿ ಇದ್ದರೂ ಅಧಿಕಾರ ಸರಿಸಮ. ಒಬ್ಬರು ಯೂನಿಯನಿಸ್ಟ್ ಕಡೆ, ಇನ್ನೊಬ್ಬರು ನ್ಯಾಶನಲಿಸ್ಟ್ ಕಡೆ. ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರ ಹುದ್ದೆಯೂ ಹೋಗುತ್ತದೆ. ಉಳಿದ ಮಂತ್ರಿಗಿರಿಗಳನ್ನು ಪಕ್ಷಗಳ ಸೀಟಿನ ಲೆಕ್ಕದಲ್ಲಿ ಹಂಚುತ್ತಾರೆ. ಅದಕ್ಕೆ ಡಿ'ಹಾಂಟ್ ಅನ್ನುವ ಬೆಲ್ಜಿಯಂನವರ ಹೆಸರಿನ ಸೂತ್ರವೊಂದಿದೆ. ದೊಡ್ಡ ಪಕ್ಷ ಮೊದಲು ಖಾತೆ ಆರಿಸುತ್ತದೆ. ಆರಿಸಿದ ಮೇಲೆ ಅದರ ಸೀಟಿನ ಸಂಖ್ಯೆಯನ್ನು ಎರಡರಿಂದ, ಆಮೇಲೆ ಮೂರರಿಂದ ಭಾಗಿಸುತ್ತಾ ಹೋಗುತ್ತಾರೆ. ಪ್ರತಿ ಸುತ್ತಿನಲ್ಲೂ ಯಾರ ಲೆಕ್ಕ ದೊಡ್ಡದೋ ಅವರ ಸರದಿ. ರೆಸಾರ್ಟ್ ಇಲ್ಲ, ಚೌಕಾಸಿ ಇಲ್ಲ! ಮುಖ್ಯ ವಿಷಯಗಳಿಗೆ ಬರೀ ಬಹುಮತ ಸಾಲದು, ಎರಡೂ ಬಣದ ಒಪ್ಪಿಗೆ ಬೇಕು. ಅದಲ್ಲದೆ 30 ಸದಸ್ಯರು ಸಹಿ ಹಾಕಿ ಅರ್ಜಿ ಕೊಟ್ಟರೆ ಯಾವುದೇ ಮಸೂದೆಗೂ ಈ ಎರಡು ಬಣದ ಒಪ್ಪಿಗೆಯ ನಿಯಮ ಹಚ್ಚಬಹುದಾಗಿತ್ತು.

ಇನ್ನು ನಾಡು ಯಾರದ್ದು ಅನ್ನುವ ಮೂಲ ಪ್ರಶ್ನೆ? ಅದನ್ನು ಬಗೆಹರಿಸಲಿಲ್ಲ! ಜಾಣತನ ಇರುವುದೇ ಇಲ್ಲಿ. ಇಲ್ಲಿನ ಜನರಲ್ಲಿ ಹೆಚ್ಚಿನವರು ಬಯಸುವವರೆಗೆ ಬ್ರಿಟನ್ ಜೊತೆ. ಮುಂದೊಂದು ದಿನ ಮತ ಹಾಕಿ ಬೇರೆ ಬಯಸಿದರೆ ಐರ್ಲೆಂಡ್ ಜೊತೆ. ಅಲ್ಲಿಯವರೆಗೆ ಯಾರು ಬೇಕಾದರೂ ತಾನು ಬ್ರಿಟಿಷ್, ತಾನು ಐರಿಷ್, ಅಥವಾ ಎರಡೂ ಅಂತ ಹೇಳಿಕೊಳ್ಳಬಹುದು. ಪಾಸ್‌ಪೋರ್ಟೂ ಹಾಗೆಯೇ. ಒಪ್ಪಂದ ಅಂದರೆ ಒಮ್ಮತ ಅಂತ ನಾನು ತಿಳಿದಿದ್ದೆ. ಅಲ್ಲ. ಒಮ್ಮತ ಇಲ್ಲದೆಯೂ ಒಬ್ಬರನ್ನೊಬ್ಬರು ಕೊಲ್ಲದೆ ಬದುಕುವ ಏರ್ಪಾಡು ಅದು.

ಇದೇ ತರಹದ ಏರ್ಪಾಡು 1973ರಲ್ಲೇ ಆಗಿತ್ತು ಅಂದರೆ ನಂಬುತ್ತೀರಾ? ಸನಿಂಗ್‌ಡೇಲ್ ಒಪ್ಪಂದ. ಎರಡೂ ಕಡೆಯವರು ಸೇರಿ 1974ರ ಜನವರಿಯಲ್ಲಿ ಸರ್ಕಾರ ಮಾಡಿದರು. ಮೇ ತಿಂಗಳಲ್ಲಿ ಲಾಯಲಿಸ್ಟರು ಎರಡು ವಾರ ಮುಷ್ಕರ ಹೂಡಿ, ವಿದ್ಯುತ್ ನಿಲ್ಲಿಸಿ ಅದನ್ನು ಬೀಳಿಸಿದರು. ಮತ್ತೆ ಅದೇ ಜಾಗಕ್ಕೆ ಬರಲು 24 ವರ್ಷ ಹಿಡಿಯಿತು. ಆ ನಡುವೆ ಸತ್ತವರು ಎರಡು ಸಾವಿರಕ್ಕೂ ಹೆಚ್ಚು. 1998ರ ಒಪ್ಪಂದ ಅಂದರೆ ನಿಧಾನವಾಗಿ ಕಲಿಯುವವರಿಗಾಗಿ ಮಾಡಿದ ಸನಿಂಗ್‌ಡೇಲ್ ಅಂತ ನ್ಯಾಶನಲಿಸ್ಟ್ ಮುಖಂಡ ಶೇಮಸ್ ಮಾಲನ್ ಹೇಳಿದ್ದರು. ಆದರೆ ಎರಡರಲ್ಲೂ ಒಂದು ದೊಡ್ಡ ವ್ಯತ್ಯಾಸ ಇತ್ತು. 1973ರಲ್ಲಿ ಮೃದು ಮಾತಿನವರನ್ನಷ್ಟೇ ಕೂರಿಸಿದ್ದರು. 1998ರಲ್ಲಿ ಬಂದೂಕು ಹಿಡಿದವರ ಪಕ್ಷಗಳನ್ನೂ, ಎರಡೂ ಕಡೆಯಿಂದ, ಕದನವಿರಾಮದ ಷರತ್ತಿನ ಮೇಲೆ ಮೇಜಿಗೆ ಕರೆದರು. ಅಮೆರಿಕದ ಜಾರ್ಜ್ ಮಿಚೆಲ್ ತಿಂಗಳುಗಟ್ಟಲೆ ಕೂತು ಕೇಳಿಸಿಕೊಂಡರು. ಒಪ್ಪಂದದ ಪ್ರತಿಯನ್ನು ಮನೆಮನೆಗೆ ಕಳಿಸಿ, ಮೇ 22ರಂದು ಜನರ ಮತ ಕೇಳಿದರು. ಬಡಗಣದಲ್ಲಿ 81% ಜನ ಮತ ಹಾಕಿದರು, 71% ಹೌದು ಅಂದರು. ಗಡಿಯಾಚೆ ಐರ್ಲೆಂಡ್ ಗಣರಾಜ್ಯದಲ್ಲಿ 94% ಹೌದು.

ಹೌದು ಅಂದವರು ತೆತ್ತ ಬೆಲೆ

ಈ 71% ಅನ್ನುವುದು ಒಂದು ಅಂಕಿ. ಅದರೊಳಗೆ ಏನಿದೆ ಅಂತ ನನಗೆ ಗೊತ್ತಾದದ್ದು ನಮ್ಮ ಟೀಮಿನಲ್ಲಿ ಟೆಸ್ಟಿಂಗ್ ನೋಡಿಕೊಳ್ಳುವ ಒಬ್ಬ ಹಿರಿಯ ಸಹೋದ್ಯೋಗಿಯಿಂದ. ಒಪ್ಪಂದದಲ್ಲಿ ಒಂದು ಷರತ್ತಿತ್ತು: ಕದನವಿರಾಮ ಪಾಲಿಸುವ ಗುಂಪುಗಳ ಕೈದಿಗಳನ್ನು ಎರಡು ವರ್ಷದೊಳಗೆ ಬಿಡಬೇಕು. ನಾನೂರಕ್ಕೂ ಹೆಚ್ಚು ಜನ ಹಾಗೆ ಹೊರಬಂದರು. ಅವರಲ್ಲಿ ಕೊಲೆಗಾರರೂ ಇದ್ದರು. ಈ ಸಹೋದ್ಯೋಗಿಯ ಸೋದರಮಾವನನ್ನು 1980ರ ದಶಕದಲ್ಲಿ ಕೊಂದವನೂ ಒಬ್ಬ.

"ಒಪ್ಪಂದದ ಪುಸ್ತಕ ನಮ್ಮ ಅಡುಗೆಮನೆ ಮೇಜಿನ ಮೇಲೆ ಒಂದು ತಿಂಗಳು ಇತ್ತು. ಅಪ್ಪ ಅದನ್ನು ಮುಟ್ಟಲಿಲ್ಲ, ಬೇಡ ಅಂತ ಮತ ಹಾಕಿ ಬಂದರು. ಅಮ್ಮ ಸತ್ತವನ ಸ್ವಂತ ಅಕ್ಕ. ಅವರು ಹೌದು ಅಂತ ಹಾಕಿದರು. ನನ್ನ ತಮ್ಮನಂತೂ ಬರುವುದಿಲ್ಲ, ಇನ್ನೊಬ್ಬರ ತಮ್ಮ ಉಳಿಯಲಿ ಅಂದರು. ಆಮೇಲೆ ಅವನು ಬಿಡುಗಡೆ ಆದ ಸುದ್ದಿ ಟೀವಿಯಲ್ಲಿ ಬಂದಾಗ ಎದ್ದು ಹೋಗಿ ಪಾತ್ರೆ ತೊಳೆದರು" ಅಂತ ಆಕೆ ಹೇಳಿದರು. ಅವರ ಮಾವ ಯಾವ ಕಡೆಯವರು ಅಂತ ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸ್ನೇಹಿತರೇ, ಶಾಂತಿ ಒಪ್ಪಂದದ ಫೋಟೋದಲ್ಲಿ ನಾಯಕರು ಕೈಕುಲುಕುತ್ತಾರೆ. 1998ರ ನೊಬೆಲ್ ಶಾಂತಿ ಪ್ರಶಸ್ತಿ ಜಾನ್ ಹ್ಯೂಮ್ ಮತ್ತು ಡೇವಿಡ್ ಟ್ರಿಂಬಲ್ ಅವರಿಗೆ ಹೋಯಿತು, ಹೋಗಬೇಕಾದದ್ದೇ. ಬಿಲ್ ಕಟ್ಟಿದ್ದು ಮಾತ್ರ ಇಂಥ ಅಡುಗೆಮನೆಗಳು. ಮತ ಹಾಕಿ ಮೂರು ತಿಂಗಳೂ ತುಂಬಿರಲಿಲ್ಲ, ಆಗಸ್ಟ್ 15ರಂದು ಒಪ್ಪಂದ ಬೇಡ ಅಂದ ಒಂದು ಗುಂಪು ಓಮಾ ಪಟ್ಟಣದಲ್ಲಿ ಬಾಂಬು ಇಟ್ಟು 29 ಜನರನ್ನು ಕೊಂದಿತು. ಆದರೂ ಒಪ್ಪಂದ ಮುರಿಯಲಿಲ್ಲ.

ಮುಂದಿನ ವರ್ಷಗಳಲ್ಲಿ ಅಸಾಧ್ಯ ಅನ್ನಿಸಿದ್ದೂ ನಡೆಯಿತು. 90%ಕ್ಕೂ ಹೆಚ್ಚು ಪ್ರೊಟೆಸ್ಟೆಂಟರೇ ಇದ್ದ ಪೊಲೀಸ್ ಪಡೆಯ ಜಾಗದಲ್ಲಿ 2001ರಲ್ಲಿ ಹೊಸ ಪೊಲೀಸ್ ಪಡೆ ಬಂತು. ಹತ್ತು ವರ್ಷ ಅರ್ಧ ಕ್ಯಾಥೊಲಿಕ್, ಅರ್ಧ ಇತರರು ಅಂತ ನೇಮಕ ಮಾಡಿದರು. 2005ರಲ್ಲಿ ಐಆರ್‌ಎ ತನ್ನ ಆಯುಧಗಳನ್ನು ಬಳಕೆಗೆ ಬಾರದಂತೆ ಮಾಡಿತು. 2007ರ ಮೇ 8ರಂದು, ಜೀವಮಾನವಿಡೀ ರಾಜಿ ಬೇಡ ಅಂತ ಕೂಗಿದ ಪಾದ್ರಿ ಇಯಾನ್ ಪೇಸ್ಲಿ ಮತ್ತು ಒಂದು ಕಾಲದ ಐಆರ್‌ಎ ನಾಯಕ ಮಾರ್ಟಿನ್ ಮೆಕ್‌ಗಿನಿಸ್ ಒಂದೇ ಕಚೇರಿಯಲ್ಲಿ ಕೂತರು. ಇಬ್ಬರೂ ಎಷ್ಟು ನಗುತ್ತಿದ್ದರೆಂದರೆ ಪತ್ರಿಕೆಗಳು ನಗುವ ಸೋದರರು ಅಂತ ಅಡ್ಡಹೆಸರು ಇಟ್ಟವು.

ಕೀಲಿ ತೆಗೆದುಕೊಂಡು ಹೋದರೆ?

ಈಗ ಲಾಕರಿನ ಇನ್ನೊಂದು ಮುಖ. ಒಬ್ಬರು ಕೀಲಿ ಜೇಬಿಗೆ ಹಾಕಿಕೊಂಡು ಮನೆಗೆ ಹೋದರೆ ಲಾಕರ್ ತೆರೆಯುವುದಿಲ್ಲ. 2002ರಿಂದ 2007ರವರೆಗೆ ಸರ್ಕಾರ ಅಮಾನತು. 2017ರ ಜನವರಿಯಲ್ಲಿ, ಬಾಯ್ಲರ್ ಸಬ್ಸಿಡಿಯ ಹಗರಣದ ಮೇಲೆ ಮೆಕ್‌ಗಿನಿಸ್ ರಾಜೀನಾಮೆ ಕೊಟ್ಟರು, ಮೂರು ವರ್ಷ ಬಾಗಿಲು ಬಂದ್. 2022ರಲ್ಲಿ ಬ್ರೆಕ್ಸಿಟ್ ನಂತರದ ವ್ಯಾಪಾರ ನಿಯಮದ ಮೇಲೆ ಯೂನಿಯನಿಸ್ಟರ ದೊಡ್ಡ ಪಕ್ಷ ಡಿಯುಪಿ ಹೊರನಡೆಯಿತು, ಮತ್ತೆ ಎರಡು ವರ್ಷ ಬಂದ್. ಆಸ್ಪತ್ರೆಯ ಕಾಯುವ ಪಟ್ಟಿ ಉದ್ದವಾಗುತ್ತಾ ಹೋಯಿತು. 2019ರ ಡಿಸೆಂಬರಿನಲ್ಲಿ ನರ್ಸ್‌ಗಳು ಮುಷ್ಕರ ಮಾಡಿದರು. ಅವರ ದೊಡ್ಡ ಸಂಘಟನೆಯ 103 ವರ್ಷಗಳಲ್ಲಿ ಅದೇ ಮೊದಲ ಮುಷ್ಕರ.

30 ಸಹಿಯ ಅರ್ಜಿಯ ಕತೆಯೂ ಹೀಗೆಯೇ. ಅಲ್ಪಸಂಖ್ಯಾತರನ್ನು ಕಾಯಲಿಕ್ಕೆ ಇಟ್ಟ ಅಸ್ತ್ರ ಅದು. 2015ರ ನವೆಂಬರಿನಲ್ಲಿ ಸಲಿಂಗ ಮದುವೆಯ ಪರವಾಗಿ ಸದನದಲ್ಲಿ 53, ವಿರುದ್ಧ 52 ಮತ ಬಿದ್ದವು. ಗೆದ್ದೂ ಸೋತಿತು, ಏಕೆಂದರೆ ಡಿಯುಪಿ ಆ ಅರ್ಜಿ ಕೊಟ್ಟಿತ್ತು. ಕಾಯಲು ಇಟ್ಟದ್ದು ತಡೆಯಲು ಬಳಕೆಯಾಯಿತು. 2020ರ ಒಪ್ಪಂದದ ನಂತರವೇ ಅದರ ಬಳಕೆಗೆ ಕಡಿವಾಣ ಬಿದ್ದದ್ದು.

ಇಂಜಿನಿಯರ್ ಆಗಿ ನನಗೆ ಇದಕ್ಕಿಂತ ಕಾಡುವ ದೋಷ ಬೇರೆ ಇದೆ. ಸದನದ ಪ್ರತಿ ಸದಸ್ಯರೂ ತಾನು ಯೂನಿಯನಿಸ್ಟ್, ನ್ಯಾಶನಲಿಸ್ಟ್ ಅಥವಾ ಇತರೆ ಅಂತ ರಿಜಿಸ್ಟರಿನಲ್ಲಿ ಬರೆಸಬೇಕು. ಅದೇ ಮೂರು ಚೌಕದ ಫಾರಂ! ಎರಡು ಬಣದ ಒಪ್ಪಿಗೆ ಎಣಿಸುವಾಗ ಇತರೆಯವರ ಮತ ಒಟ್ಟು ಲೆಕ್ಕಕ್ಕಷ್ಟೇ ಬರುತ್ತದೆ, ಬಣದ ಲೆಕ್ಕಕ್ಕೆ ಬರುವುದಿಲ್ಲ. 2001ರ ನವೆಂಬರಿನಲ್ಲಿ ಸರ್ಕಾರ ಉಳಿಸಲು ಅಲಯನ್ಸ್ ಪಕ್ಷದ ಸದಸ್ಯರು ತಾತ್ಕಾಲಿಕವಾಗಿ ತಮ್ಮನ್ನು ಯೂನಿಯನಿಸ್ಟ್ ಅಂತ ಬರೆಸಿಕೊಳ್ಳಬೇಕಾಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, 1998ರಲ್ಲಿ ಸಮುದಾಯ ಎರಡೇ ಅಂತ ಹಾರ್ಡ್‌ಕೋಡ್ ಮಾಡಿಬಿಟ್ಟರು. ಆವತ್ತು ಡೆಡ್‌ಲೈನ್ ಇತ್ತು, ಪ್ರಾಣ ಉಳಿಸಬೇಕಿತ್ತು, ನಾನಾದರೂ ಅದನ್ನೇ ಮಾಡುತ್ತಿದ್ದೆ. ಆದರೆ ಡೇಟಾ ಬದಲಾಯಿತು. 2021ರ ಜನಗಣತಿಯಲ್ಲಿ ಕ್ಯಾಥೊಲಿಕ್ ಹಿನ್ನೆಲೆಯವರು 45.7%, ಪ್ರೊಟೆಸ್ಟೆಂಟ್ ಮತ್ತಿತರ ಕ್ರೈಸ್ತ ಹಿನ್ನೆಲೆಯವರು 43.5%. ಯಾರಿಗೂ ಬಹುಮತ ಇಲ್ಲ. ಉಳಿದವರು ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು. 2022ರ ಚುನಾವಣೆಯಲ್ಲಿ ಅಲಯನ್ಸ್ 90ರಲ್ಲಿ 17 ಸೀಟು ಗೆದ್ದು ಮೂರನೆಯ ದೊಡ್ಡ ಪಕ್ಷವಾಯಿತು. ಕೋಡ್ ಮಾತ್ರ ಹಳೆಯದೇ. ಒಂದು ತಮಾಷೆ ನೋಡಿ: 2010ರಲ್ಲಿ ಪೊಲೀಸ್ ಮತ್ತು ನ್ಯಾಯ ಖಾತೆ ಬೆಲ್‌ಫಾಸ್ಟಿಗೆ ಬಂದಾಗ, ಎರಡೂ ಕಡೆಯವರು ಒಬ್ಬರನ್ನೊಬ್ಬರು ನಂಬಲಾರದೆ ಅದನ್ನು ಕೊಟ್ಟದ್ದು ಈ ಇತರೆ ಪಕ್ಷಕ್ಕೇ!

ನುಡಿಯ ಕತೆ

ನಮಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ. ಐರಿಷ್ ಭಾಷೆ ಅಲ್ಲಿ ಒಂದು ಕಡೆಯವರ ಬಾವುಟ ಆಗಿಹೋಗಿತ್ತು. 1998ರ ಒಪ್ಪಂದ ಅದನ್ನು ಬೆಳೆಸುವ ಮಾತು ಕೊಟ್ಟಿತು. 2006ರ ಸೇಂಟ್ ಆಂಡ್ರೂಸ್ ಒಪ್ಪಂದದಲ್ಲಿ ಐರಿಷ್ ನುಡಿ ಕಾಯ್ದೆಯ ಮಾತೂ ಬಂತು. ಎರಡು ಕೀಲಿಯ ಸದನದಲ್ಲಿ ಕಾಯ್ದೆ ಆಗಲೇ ಇಲ್ಲ. 2016ರ ಕ್ರಿಸ್‌ಮಸ್ ಹೊತ್ತಿಗೆ ಬಡ ಮಕ್ಕಳು ಐರಿಷ್ ಕಲಿಯಲು ಹೋಗುವ 50,000 ಪೌಂಡಿನ ಸಣ್ಣ ಅನುದಾನವನ್ನು ಮಂತ್ರಿಯೊಬ್ಬರು ನಿಲ್ಲಿಸಿದರು. ಗಲಾಟೆಯಾಗಿ ಮತ್ತೆ ಕೊಟ್ಟರು, ಆದರೆ ಅಷ್ಟರಲ್ಲಿ ಸರ್ಕಾರವೇ ಹೋಗಿತ್ತು. ಕೊನೆಗೆ 2022ರ ಡಿಸೆಂಬರಿನಲ್ಲಿ ಕಾಯ್ದೆ ಮಾಡಿದ್ದು ಲಂಡನ್ನಿನ ಪಾರ್ಲಿಮೆಂಟು. ನ್ಯಾಯಾಲಯದಲ್ಲಿ ಐರಿಷ್ ಬಳಸಬಾರದು ಅನ್ನುವ 1737ರ ಕಾನೂನನ್ನು ರದ್ದು ಮಾಡುವ ಮಾತೂ ಆ ಕಾಯ್ದೆಯಲ್ಲೇ ಇತ್ತು.

ಹಾಗಾದರೆ ಭಾಷೆ ಅಲ್ಲಿಯವರೆಗೆ ಕಾಯುತ್ತಾ ಕೂತಿತ್ತಾ? ಇಲ್ಲ. 1960ರ ದಶಕದ ಕೊನೆಯಲ್ಲಿ ಪಶ್ಚಿಮ ಬೆಲ್‌ಫಾಸ್ಟಿನ ಶಾಸ್ ರೋಡಿನಲ್ಲಿ ಕೆಲವೇ ಕುಟುಂಬಗಳು ಮನೆಯಲ್ಲಿ ಐರಿಷನ್ನೇ ಆಡೋಣ ಅಂತ ನಿರ್ಧರಿಸಿ, ಅಕ್ಕಪಕ್ಕ ಮನೆ ಕಟ್ಟಿಕೊಂಡವು. ಅವರ ಪೈಕಿ ಯಾರಿಗೂ ಅದು ತೊಟ್ಟಿಲ ಭಾಷೆ ಆಗಿರಲಿಲ್ಲ, ಕಲಿತ ಭಾಷೆ. 1971ರಲ್ಲಿ, ಊರು ಹೊತ್ತಿ ಉರಿಯುವಾಗ, ಒಂಬತ್ತು ಮಕ್ಕಳ ಒಂದು ಶಾಲೆ ತೆರೆದರು. ಸರ್ಕಾರದ ಹಣ ಬರಲು 1984 ಆಯಿತು. ಇವತ್ತು ಐರಿಷ್ ಮಾಧ್ಯಮದಲ್ಲಿ ಸಾವಿರಾರು ಮಕ್ಕಳು ಓದುತ್ತಿದ್ದಾರೆ. ಆ ಒಂಬತ್ತು ಮಕ್ಕಳ ತಂದೆತಾಯಿಯರು ಕಾಯ್ದೆಗಾಗಿ ಕಾದಿದ್ದರೆ ಏನಾಗುತ್ತಿತ್ತು, ಯೋಚಿಸಿ.

ಇನ್ನೊಂದು ಉದಾಹರಣೆ ಪೂರ್ವ ಬೆಲ್‌ಫಾಸ್ಟಿನದು. ಅದು ಗಟ್ಟಿ ಯೂನಿಯನಿಸ್ಟ್ ಪ್ರದೇಶ. ಅಲ್ಲಿ ಲಿಂಡಾ ಅರ್ವಿನ್ ಅನ್ನುವ ಪ್ರೊಟೆಸ್ಟೆಂಟ್ ಹೆಂಗಸು, ಲಾಯಲಿಸ್ಟ್ ನಾಯಕರ ಮನೆತನದ ಸೊಸೆ, ಐರಿಷ್ ತರಗತಿ ನಡೆಸುತ್ತಾರೆ. ತುರಸ್ ಅಂತ ಅದರ ಹೆಸರು, ಪಯಣ ಅಂತ ಅರ್ಥ. ಅವರು ನೆನಪಿಸುವುದು ಸರಳ ಸಂಗತಿ: ಈ ಭಾಷೆ ನಮ್ಮ ಊರು ಬೀದಿಗಳ ಹೆಸರಲ್ಲೇ ಇದೆ. ನಿಜ ತಾನೆ? ಲಾಯಲಿಸ್ಟರ ಕೋಟೆ ಅನ್ನಿಸಿಕೊಂಡ ಶ್ಯಾಂಕಿಲ್ ರಸ್ತೆಯ ಹೆಸರು ಐರಿಷಿನದು, ಹಳೆಯ ಚರ್ಚು ಅಂತ ಅರ್ಥ. ಭಾಷೆಯನ್ನು ಒಂದು ತಂಡದ ಜರ್ಸಿ ಮಾಡಿದರೆ ಇನ್ನೊಂದು ತಂಡ ಅದನ್ನು ದ್ವೇಷಿಸಲೇಬೇಕಾಗುತ್ತದೆ. ಜರ್ಸಿ ಬಿಚ್ಚಿ, ಬಾ ಕಲಿ ಅಂತ ಬಾಗಿಲು ತೆರೆದರೆ ಬರುವವರು ಬರುತ್ತಾರೆ. ಕನ್ನಡಕ್ಕಾಗಿ ದನಿ ಎತ್ತುವ ನಾವು ಇದನ್ನು ಗಮನಿಸಬೇಕು ಅಂತ ನನ್ನ ಅನಿಸಿಕೆ.

2024ರ ಆಗಸ್ಟ್

ಕಡೆಯದಾಗಿ ಮೂರನೆಯ ಚೌಕದ ಮಾತು. 2024ರ ಆಗಸ್ಟ್ 3ರಂದು ಇಂಗ್ಲೆಂಡಿನಲ್ಲಿ ಶುರುವಾದ ವಲಸಿಗರ ವಿರುದ್ಧದ ಗಲಭೆ ಬೆಲ್‌ಫಾಸ್ಟಿಗೂ ಬಂತು. ವಲಸಿಗರ ಅಂಗಡಿಗಳಿಗೆ ಬೆಂಕಿ ಹಚ್ಚಿದರು. ನಾವು ಮಸಾಲೆ ಸಾಮಾನು ತರಲು ಹೋಗುವ ದಾರಿಯಲ್ಲೇ. ಅಮ್ಮ ದಾವಣಗೆರೆಯಿಂದ ಫೋನ್ ಮಾಡಿ "ಸಾಕು, ವಾಪಸ್ ಬಂದ್ಬಿಡಪ್ಪ" ಅಂತ ಅತ್ತರು. ನನ್ನ ಹೆಂಡತಿ ನಾಲ್ಕು ದಿನ ಮಗಳನ್ನು ಹೊರಗೆ ಬಿಡಲಿಲ್ಲ. ಮಗಳು ಕೇಳಿದಳು: "ಅಪ್ಪ, ಅವರು ಕ್ಯಾಥೊಲಿಕ್ಕಾ, ಪ್ರೊಟೆಸ್ಟೆಂಟಾ? ನಾವು ಯಾವುದೂ ಅಲ್ವಲ್ಲ, ಮತ್ಯಾಕೆ ಹೆದರಬೇಕು?" ನನ್ನ ಬಳಿ ಉತ್ತರ ಇರಲಿಲ್ಲ. ಒಪ್ಪಂದ ಎರಡು ಕಡೆಯವರ ನಡುವೆ ಆದದ್ದು. ಎರಡೂ ಅಲ್ಲದವರನ್ನು ಯಾರು ಕಾಯಬೇಕು ಅಂತ ಅದರಲ್ಲಿ ಯಾರೂ ಹೆಚ್ಚು ಯೋಚಿಸಿರಲಿಲ್ಲ.

ಎರಡು ಸಂಗತಿ ನಮ್ಮನ್ನು ಅಲ್ಲೇ ಉಳಿಸಿದವು. ಒಂದು, ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿ, "ಹೊರಗೆ ಹೋಗಬೇಡಿ, ಸಾಮಾನಿನ ಚೀಟಿ ಕೊಡಿ, ನಾನು ತಂದುಕೊಡ್ತೀನಿ" ಅಂದರು. ಮೂವತ್ತು ವರ್ಷ ಬಾಂಬಿನ ನಡುವೆ ದಿನಸಿ ತಂದ ಹೆಂಗಸು ಅವರು. ಎರಡು, ಆ ಹೊತ್ತಿಗೆ ಸರ್ಕಾರ ಇತ್ತು. ರಜೆಯಲ್ಲಿದ್ದ ಸದನವನ್ನು ತುರ್ತಾಗಿ ಕರೆದರು. ಶಿನ್ ಫೇನ್ ಪಕ್ಷದ ಫಸ್ಟ್ ಮಿನಿಸ್ಟರ್ ಮಿಶೆಲ್ ಓನೀಲ್, ಡಿಯುಪಿಯ ಎಮ್ಮಾ ಲಿಟಲ್-ಪೆಂಗೆಲಿ, ಇಬ್ಬರೂ ಗಲಭೆಯನ್ನು ಖಂಡಿಸಿದರು. ಮುಂದಿನ ಶನಿವಾರ ಸಿಟಿ ಹಾಲ್ ಮುಂದೆ ಸಾವಿರಾರು ಜನ ನಮ್ಮ ಪರವಾಗಿ ಸೇರಿದರು. ಹಿಂದಿನ ವರ್ಷ ಇದೇ ಗಲಭೆ ಆಗಿದ್ದರೆ ಜನರಿಗೆ ಹೇಳಲಿಕ್ಕೆ ಒಬ್ಬ ಮಂತ್ರಿಯೂ ಇರುತ್ತಿರಲಿಲ್ಲ. ಕುಂಟುವ ಸರ್ಕಾರಕ್ಕೂ ಇಲ್ಲದ ಸರ್ಕಾರಕ್ಕೂ ಇರುವ ವ್ಯತ್ಯಾಸ ನನಗೆ ಅವತ್ತು ಗೊತ್ತಾಯಿತು.

ಬೆಲ್‌ಫಾಸ್ಟಿನಲ್ಲಿ ಈಗಲೂ ಎರಡು ಕಡೆಯ ಬೀದಿಗಳ ನಡುವೆ ಎತ್ತರದ ಗೋಡೆಗಳಿವೆ. ಕೆಲವು ಗೇಟುಗಳಿಗೆ ರಾತ್ರಿ ಬೀಗ ಬೀಳುತ್ತದೆ. 2023ರೊಳಗೆ ಎಲ್ಲ ತೆಗೆಯುತ್ತೇವೆ ಅಂತ 2013ರಲ್ಲಿ ಸರ್ಕಾರ ಹೇಳಿತ್ತು, ಆಗಲಿಲ್ಲ. ಬಹುಪಾಲು ಮಕ್ಕಳು ಇನ್ನೂ ತಮ್ಮ ಕಡೆಯ ಶಾಲೆಗೇ ಹೋಗುತ್ತಾರೆ. 1981ರಲ್ಲಿ ಕೆಲವು ತಂದೆತಾಯಿಯರು 28 ಮಕ್ಕಳೊಂದಿಗೆ ಲಗನ್ ಕಾಲೇಜ್ ಅನ್ನುವ ಮೊದಲ ಕೂಡುಶಾಲೆ ಶುರುಮಾಡಿದರು. ನನ್ನ ಮಗಳು ಓದುವುದು ಅಂಥದೇ ಒಂದು ಕೂಡುಶಾಲೆಯಲ್ಲಿ. ಇಂಥ ಶಾಲೆಗಳ ಪಾಲು ಇಂದಿಗೂ ಹತ್ತರಲ್ಲಿ ಒಂದು ಮುಟ್ಟಿಲ್ಲ. ಒಪ್ಪಂದ ಕೊಲೆ ನಿಲ್ಲಿಸಿತು, ಅದು ಸಣ್ಣ ಮಾತಲ್ಲ. ಒಟ್ಟಿಗೆ ಕೂರಿಸುವ ಕೆಲಸವನ್ನು ಒಪ್ಪಂದ ಮಾಡಲಾರದು. ಅದು ಶಾಲೆ ತೆರೆದವರದು, ಚೀಟಿ ಕೇಳಿದ ಅಜ್ಜಿಯದು, ನಮ್ಮದು.

ನಮ್ಮದು ಅಂದೆನಲ್ಲ, ಅದಕ್ಕೆ ಒಂದು ವಿನಂತಿಯೊಂದಿಗೆ ಮುಗಿಸುತ್ತೇನೆ. ಬ್ರಿಟನ್ನಿನಲ್ಲಿ ನೆಲೆಸಿರುವ ಭಾರತೀಯ ನಾಗರಿಕರಿಗೆ, ಕಾಮನ್‌ವೆಲ್ತ್ ದೇಶದವರು ಅನ್ನುವ ಕಾರಣಕ್ಕೆ, ಇಲ್ಲಿ ಮತದಾನದ ಹಕ್ಕಿದೆ. ಬ್ರಿಟಿಷ್ ಪಾಸ್‌ಪೋರ್ಟ್ ಬೇಕಿಲ್ಲ. ನನಗೆ ಇದು ಗೊತ್ತಾಗಲು ಐದು ವರ್ಷ ಹಿಡಿಯಿತು. 2022ರ ಮೇ ತಿಂಗಳಲ್ಲಿ ಮೊದಲ ಸಲ ಮತ ಹಾಕಿದೆ. ಅಲ್ಲಿ ಒಬ್ಬರಿಗೇ ಮುದ್ರೆ ಒತ್ತುವುದಲ್ಲ, 1, 2, 3 ಅಂತ ಇಷ್ಟದ ಕ್ರಮದಲ್ಲಿ ಅಂಕಿ ಬರೆಯಬೇಕು. ಮೂರು ಕಡೆಯವರಿಗೂ ಒಂದೊಂದು ಅಂಕಿ ಕೊಟ್ಟೆ. ಆಮೇಲೆ ಸರ್ಕಾರ ಬರಲು 21 ತಿಂಗಳು ಕಾದೆ ಅನ್ನುವುದು ಬೇರೆ ಮಾತು! ನಿಮ್ಮಲ್ಲಿ ಎಷ್ಟು ಜನರ ಹೆಸರು ಮತದಾರರ ಪಟ್ಟಿಯಲ್ಲಿದೆ? ಇವತ್ತು ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಕೊಟ್ಟು ನೋಂದಾಯಿಸಿಕೊಳ್ಳಿ. ಮೂರನೆಯ ಚೌಕದವರು ಲೆಕ್ಕಕ್ಕೆ ಬರಬೇಕಾದರೆ ಮೊದಲು ಪಟ್ಟಿಯಲ್ಲಿ ಇರಬೇಕು.